ದೂರಿಗೊಂದು ಸಂಖ್ಯೆ, ಕೆಲಸಕ್ಕೊಂದು ಗಡುವು

ಭಟ್ಕಳ ತಾಲ್ಲೂಕಿನ ಹೆಬಳೆಯಿಂದ ಜಾತಿ ಪ್ರಮಾಣಪತ್ರಕ್ಕೋ ಆದಾಯ ಪ್ರಮಾಣಪತ್ರಕ್ಕೋ ನಾಡಕಚೇರಿಗೆ ಹೋದವರು ಅರ್ಜಿ ಕೊಟ್ಟು ಬರಿಗೈಯಲ್ಲಿ ಹಿಂತಿರುಗಬೇಕಾಗಿಲ್ಲ. ಅವರಿಗೊಂದು ಸ್ವೀಕೃತಿ ಚೀಟಿ ಸಿಗುತ್ತದೆ. ಅದರಲ್ಲಿ ಅರ್ಜಿಯ ಸಂಖ್ಯೆ ಇರುತ್ತದೆ. ಕೆಲಸ ಎಂದಿಗೆ ಮುಗಿಯಬೇಕೆಂಬ ದಿನಾಂಕವೂ ಇರುತ್ತದೆ. ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರವಾಗಿರುವ ತಂದೆಗೆ ಆ ಚೀಟಿಯ ಬೆಲೆ ಏನೆಂಬುದು ಗೊತ್ತು. ‘ನಾಳೆ ಬನ್ನಿ’ ಎಂಬ ಮಾತಿಗೆ ಉತ್ತರವಾಗಿ ಅವನ ಕೈಯಲ್ಲಿರುವುದು ಅದೊಂದೇ.

ಇದೇ ಬಗೆಯ ಚೀಟಿಯೊಂದು ಕಂಪ್ಯೂಟರ್ ಉದ್ಯಮದಲ್ಲೂ ಇದೆ. ಬೆಂಗಳೂರಿನ ಕಚೇರಿಯಲ್ಲಿ ರಾತ್ರಿ ಪಾಳಿಗೆ ಕುಳಿತ ತರುಣ, ಸಾವಿರಾರು ಮೈಲಿ ದೂರದ ಬ್ಯಾಂಕೊಂದರ ಕಂಪ್ಯೂಟರ್ ಕೈಕೊಟ್ಟಿದೆಯೆಂಬ ಸುದ್ದಿ ಬಂದೊಡನೆ ಒಂದು ‘ಟಿಕೆಟ್’ ತೆರೆಯುತ್ತಾನೆ. ಅದಕ್ಕೂ ಒಂದು ಸಂಖ್ಯೆ, ಒಂದು ಗಡುವು, ಒಬ್ಬ ಹೊಣೆಗಾರ. ಈ ಕೆಲಸದ ರೀತಿನೀತಿಗಳಿಗೆ ಐಟಿ ಸೇವಾ ನಿರ್ವಹಣೆ ಎಂದು ಹೆಸರು. ಅದರ ಅತ್ಯಂತ ಪ್ರಸಿದ್ಧ ಚೌಕಟ್ಟೇ ‘ಇನ್ಫರ್ಮೇಷನ್ ಟೆಕ್ನಾಲಜಿ ಇನ್‌ಫ್ರಾಸ್ಟ್ರಕ್ಚರ್ ಲೈಬ್ರರಿ’, ಚಿಕ್ಕದಾಗಿ ಐಟಿಲ್. ಸಾವಿರಾರು ಪದವೀಧರರು ಹಣ ಕಟ್ಟಿ ಅದರ ಪರೀಕ್ಷೆ ಬರೆಯುತ್ತಾರೆ. ಆದರೆ ಇದು ಹುಟ್ಟಿದ್ದು ಖಾಸಗಿ ಕಂಪನಿಯಲ್ಲಲ್ಲ, ಸರ್ಕಾರಿ ಕಚೇರಿಯಲ್ಲಿ.

ಸರ್ಕಾರಿ ಕೂಸು

1980ರ ದಶಕದಲ್ಲಿ ಬ್ರಿಟನ್ನಿನ ಸರ್ಕಾರಿ ಇಲಾಖೆಗಳು ಕಂಪ್ಯೂಟರುಗಳಿಗೆ ಅಪಾರ ಹಣ ಸುರಿಯುತ್ತಿದ್ದವು. ಯಂತ್ರ ಕೊಳ್ಳುವುದು ಸುಲಭ. ಅದನ್ನು ದಿನನಿತ್ಯ ನಡೆಸಿಕೊಂಡು ಹೋಗುವುದು ಕಷ್ಟ. ಪ್ರತಿ ಇಲಾಖೆಯೂ ತನಗೆ ತೋಚಿದಂತೆ ನಡೆಯುತ್ತಿತ್ತು. ಅಲ್ಲಿನ ‘ಸೆಂಟ್ರಲ್ ಕಂಪ್ಯೂಟರ್ ಅಂಡ್ ಟೆಲಿಕಮ್ಯುನಿಕೇಷನ್ಸ್ ಏಜೆನ್ಸಿ’ ಎಂಬ ಸರ್ಕಾರಿ ಸಂಸ್ಥೆ, ಚೆನ್ನಾಗಿ ನಡೆಯುವ ಕಂಪ್ಯೂಟರ್ ಕೇಂದ್ರಗಳು ಏನು ಮಾಡುತ್ತವೆ ಎಂಬುದನ್ನು ಕಲೆಹಾಕಿ ಬರೆದಿಡಲು ಮುಂದಾಯಿತು. 1989ರಿಂದ ಆ ಬರವಣಿಗೆ ಪುಸ್ತಕಗಳಾಗಿ ಹೊರಬಂತು. ಪುಸ್ತಕಗಳ ಸಂಖ್ಯೆ ಮೂವತ್ತನ್ನು ದಾಟಿತು. ‘ಲೈಬ್ರರಿ’ ಎಂಬ ಹೆಸರು ಬಂದದ್ದು ಹೀಗೆ.

ಆ ಪುಸ್ತಕಗಳ ತಿರುಳನ್ನು ತಿಳಿಯಲು ಹೆಬಳೆಯ ಮಳೆಗಾಲದ ಒಂದು ರಾತ್ರಿಯನ್ನು ನೆನೆದರೆ ಸಾಕು. ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕೇರಿಯ ದೀಪ ಆರಿತೆನ್ನಿ. ಲೈನ್‌ಮನ್ ಬಂದು ಮಡಲು ತೆಗೆದು ದೀಪ ಹತ್ತಿಸುತ್ತಾನೆ. ಕೆಟ್ಟದ್ದನ್ನು ಬೇಗ ಸರಿಪಡಿಸುವ ಈ ಕೆಲಸವನ್ನು ಐಟಿಲ್ ‘ಇನ್ಸಿಡೆಂಟ್’ ನಿರ್ವಹಣೆ ಎನ್ನುತ್ತದೆ. ಆದರೆ ಪ್ರತಿ ಆಷಾಢದಲ್ಲೂ ಅದೇ ತಂತಿಯ ಮೇಲೆ ಮಡಲು ಬೀಳುವುದೇಕೆ? ಮರದ ಕೆಳಗೇ ತಂತಿ ಹಾದುಹೋಗಿದೆ. ಆ ಮೂಲ ಕಾರಣವನ್ನು ಹುಡುಕಿ ನಿವಾರಿಸುವುದು ‘ಪ್ರಾಬ್ಲಂ’ ನಿರ್ವಹಣೆ. ತಂತಿಯನ್ನು ಬೇರೆಡೆಗೆ ಸರಿಸುವಾಗ ಇನ್ನೊಂದು ಕೇರಿಯ ದೀಪ ಆರದಂತೆ ಮುಂಚಿತವಾಗಿ ಯೋಚಿಸುವುದು ‘ಚೇಂಜ್’ ನಿರ್ವಹಣೆ. ಎಷ್ಟು ಹೊತ್ತಿನಲ್ಲಿ ದೀಪ ಬರಬೇಕೆಂದು ಗ್ರಾಹಕನೊಡನೆ ಮೊದಲೇ ಮಾಡಿಕೊಂಡ ಮಾತು ‘ಸೇವಾ ಮಟ್ಟದ ಒಪ್ಪಂದ’. ಹೀಗೆ ನೋಡಿದರೆ ಐಟಿಲ್‌ನಲ್ಲಿ ಇರುವುದು ಗೂಢವಿದ್ಯೆಯಲ್ಲ, ಒಪ್ಪವಾಗಿ ಜೋಡಿಸಿಟ್ಟ ವ್ಯವಹಾರ ಜ್ಞಾನ.

ಬೆಂಗಳೂರಿಗೆ ಬಂದ ಬಗೆ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ, ಇಲ್ಲಿನವರ ಕೆಲಸವನ್ನು ನಂಬಬಹುದೇ ಎಂಬ ಶಂಕೆ ಹೊರನಾಡಿನ ಗಿರಾಕಿಗಳಲ್ಲಿ ಇದ್ದೇ ಇತ್ತು. ಅದಕ್ಕೆ ಬೆಂಗಳೂರು ಕಂಡುಕೊಂಡ ಉತ್ತರಗಳಲ್ಲೊಂದು ಪ್ರಮಾಣಪತ್ರ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ‘ಸಿಎಂಎಂ’ ಅಳತೆಗೋಲಿನಲ್ಲಿ ಐದು ಮಟ್ಟಗಳಿದ್ದವು. 1993ರಲ್ಲಿ ಬೆಂಗಳೂರಿನ ಮೋಟೊರೋಲಾ ಘಟಕ ಐದನೆಯ, ಅಂದರೆ ಅತ್ಯುನ್ನತ ಮಟ್ಟಕ್ಕೇರಿ ಜಗತ್ತಿನ ಗಮನ ಸೆಳೆಯಿತು. ದಶಕ ಮುಗಿಯುವುದರೊಳಗೆ ವಿಪ್ರೋ, ಇನ್ಫೋಸಿಸ್ ಕೂಡ ಅದೇ ಮಟ್ಟ ಮುಟ್ಟಿದವು.

ಸಿಎಂಎಂ ಅಳೆಯುತ್ತಿದ್ದುದು ಸಾಫ್ಟ್‌ವೇರ್ ಬರೆಯುವ ಕ್ರಮವನ್ನು. 2000ದ ನಂತರ ಇನ್ನೊಂದು ಬಗೆಯ ಕೆಲಸ ಹೆಚ್ಚಿತು: ಪರದೇಶದ ಕಂಪನಿಗಳ ಕಂಪ್ಯೂಟರುಗಳನ್ನು ಇಲ್ಲಿಂದಲೇ ಹಗಲಿರುಳು ಕಾಯುವುದು. ಇದಕ್ಕೆ ಹೊಂದಿಕೊಂಡದ್ದು ಐಟಿಲ್. ಮೂವತ್ತು ಚಿಲ್ಲರೆ ಪುಸ್ತಕಗಳನ್ನು ಆ ಹೊತ್ತಿಗೆ ಕೆಲವೇ ಸಂಪುಟಗಳಿಗೆ ಇಳಿಸಲಾಗಿತ್ತು. 2007ರ ಮೂರನೆಯ ಆವೃತ್ತಿ ಐದು ಸಂಪುಟಗಳಲ್ಲಿ ಬಂತು. ಬ್ರಿಟಿಷ್ ಮಾನಕವೊಂದನ್ನು ಆಧರಿಸಿ 2005ರ ಡಿಸೆಂಬರಿನಲ್ಲಿ ಐಎಸ್‌ಒ 20000 ಎಂಬ ಅಂತರರಾಷ್ಟ್ರೀಯ ಮಾನಕವೂ ಪ್ರಕಟವಾಯಿತು. ಇವೆರಡರ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಐಎಸ್‌ಒ ಪ್ರಮಾಣಪತ್ರ ಸಂಸ್ಥೆಗೆ ಸಲ್ಲುವಂಥದ್ದು. ಐಟಿಲ್ ಪ್ರಮಾಣಪತ್ರ ಪರೀಕ್ಷೆ ಬರೆದ ವ್ಯಕ್ತಿಗೆ.

ಪರೀಕ್ಷೆಯ ದಾರಿ

ಸರ್ಕಾರದ ಕೂಸು ಕಾಲಕ್ರಮದಲ್ಲಿ ಖಾಸಗಿಯವರ ಮಡಿಲು ಸೇರಿತು. 2013ರಲ್ಲಿ ಬ್ರಿಟಿಷ್ ಸರ್ಕಾರ ಕ್ಯಾಪಿಟಾ ಕಂಪನಿಯ ಜತೆಗೂಡಿ ಆಕ್ಸೆಲೋಸ್ ಎಂಬ ಸಂಸ್ಥೆ ಕಟ್ಟಿ, ಐಟಿಲ್ ಅನ್ನು ಅದಕ್ಕೆ ಒಪ್ಪಿಸಿತು. 2019ರಲ್ಲಿ 34 ಕಾರ್ಯಪದ್ಧತಿಗಳ ನಾಲ್ಕನೆಯ ಆವೃತ್ತಿ ಹೊರಬಂತು. 2021ರಲ್ಲಿ ಪರೀಕ್ಷೆ ನಡೆಸುವ ಪೀಪಲ್‌ಸರ್ಟ್ ಸಂಸ್ಥೆಯೇ ಆಕ್ಸೆಲೋಸನ್ನು ಕೊಂಡುಕೊಂಡಿತು.

ನಾಲ್ಕನೆಯ ಆವೃತ್ತಿಯ ಮೊದಲ ಮೆಟ್ಟಿಲು ‘ಫೌಂಡೇಶನ್’ ಪರೀಕ್ಷೆ. 40 ಪ್ರಶ್ನೆ, ಒಂದು ಗಂಟೆ. ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕು. 26 ಸರಿಯಾದರೆ ಉತ್ತೀರ್ಣ. ಪರೀಕ್ಷೆಯ ಭಾಷೆ ಮಾತೃಭಾಷೆಯಲ್ಲದವರಿಗೆ ಕಾಲು ಗಂಟೆ ಹೆಚ್ಚು ಅವಕಾಶವುಂಟು. ಕೆಲವರು ಎರಡು ಮೂರು ದಿನಗಳ ತರಗತಿಗೆ ಹೋಗುತ್ತಾರೆ, ಕೆಲವರು ಪುಸ್ತಕ ಹಿಡಿದು ತಾವೇ ಓದುತ್ತಾರೆ, ಕೆಲವರನ್ನು ಕಂಪನಿಯೇ ಕಳುಹಿಸುತ್ತದೆ. ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವುದಂತೂ ಎಲ್ಲರಿಗೂ ಸಮಾನ. 2023ರಿಂದ ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮವೂ ಬಂದಿದೆ.

ಭಟ್ಕಳದಂಥ ಊರಿನಿಂದ ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೊರಡುವ ಯುವಕರಿಗೆ ಇಂಥ ಪ್ರಮಾಣಪತ್ರ ಸಂದರ್ಶನದ ಬಾಗಿಲು ತೆರೆಯಬಲ್ಲದು. ಆದರೆ ಫೌಂಡೇಶನ್ ಪರೀಕ್ಷೆ ಅಳೆಯುವುದು ಮುಖ್ಯವಾಗಿ ಪದಗಳ ಅರ್ಥ ಗೊತ್ತಿದೆಯೇ ಎಂಬುದನ್ನು. ಇನ್ಸಿಡೆಂಟಿಗೂ ಪ್ರಾಬ್ಲಮಿಗೂ ಇರುವ ವ್ಯತ್ಯಾಸ ಬರೆಯಬಲ್ಲವನು, ನಡುರಾತ್ರಿ ಬಂದ ದೂರಿಗೆ ತಾಳ್ಮೆಯಿಂದ ಕಿವಿಗೊಟ್ಟಾನೇ? ಅದನ್ನು ನಲವತ್ತು ಪ್ರಶ್ನೆಗಳು ಹೇಳಲಾರವು.

ಕರ್ನಾಟಕದ ಒಪ್ಪಂದ

ಇನ್ನು ನಾಡಕಚೇರಿಯ ಚೀಟಿಯ ಮಾತು. ಅದು ಐಟಿಲ್‌ನಿಂದ ಬಂದುದಲ್ಲ. ಅದರ ವಂಶಾವಳಿ ಬೇರೆ. 1991ರಲ್ಲಿ ಬ್ರಿಟಿಷ್ ಪ್ರಧಾನಿ ಜಾನ್ ಮೇಜರ್ ‘ನಾಗರಿಕ ಸನ್ನದು’ ಘೋಷಿಸಿದರು. 1997ರಲ್ಲಿ ನಮ್ಮ ಮುಖ್ಯಮಂತ್ರಿಗಳ ಸಮ್ಮೇಳನವೂ ಅಂಥ ಸನ್ನದುಗಳನ್ನು ಒಪ್ಪಿತು. ಸನ್ನದು ಗೋಡೆಯ ಮೇಲಿನ ಫಲಕವಾಗಿ ಉಳಿದರೆ ಪ್ರಯೋಜನವಿಲ್ಲವೆಂದು, 2010ರಲ್ಲಿ ಮಧ್ಯಪ್ರದೇಶ ದೇಶದಲ್ಲೇ ಮೊದಲ ಸೇವಾ ಖಾತರಿ ಕಾಯ್ದೆ ತಂದಿತು. ಕರ್ನಾಟಕದ ಕಾಯ್ದೆ 2011ರದು. ‘ಸಕಾಲ’ ಎಂಬ ಹೆಸರಿನಲ್ಲಿ ಅದು ಔರಾದ, ಚಿತ್ರದುರ್ಗ, ಧಾರವಾಡ, ಪುತ್ತೂರು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2012ರ ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯಕ್ಕೆಲ್ಲ ಹಬ್ಬಿತು.

ವಂಶ ಬೇರೆಯಾದರೂ ಮುಖಚರ್ಯೆ ಒಂದೇ. ಅರ್ಜಿಗೆ ಸಂಖ್ಯೆ, ಸೇವೆಗೆ ಗಡುವು, ಹೆಸರಿಸಿದ ಅಧಿಕಾರಿಯ ಹೊಣೆ. ತಡವಾದರೆ ಸಕ್ಷಮ ಅಧಿಕಾರಿಗೆ, ಅಲ್ಲಿಯೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ದೂರಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವುಂಟು. ಅದನ್ನು ತಪ್ಪಿತಸ್ಥ ಅಧಿಕಾರಿಯಿಂದ ವಸೂಲು ಮಾಡಬಹುದು. ಬ್ಯಾಂಕು ಹಣ ತೆತ್ತು ಪಡೆಯುವ ಭರವಸೆಯನ್ನು ಹೆಬಳೆಯ ಕೂಲಿಕಾರ ಕಾನೂನಿನ ಬಲದಿಂದ ಪಡೆಯುತ್ತಾನೆ.

ಎರಡಕ್ಕೂ ಅಂಟುವ ರೋಗವೂ ಒಂದೇ. ಸೇವಾ ನಿರ್ವಹಣೆಯವರು ಅದನ್ನು ‘ಕಲ್ಲಂಗಡಿ’ ಎಂದು ಕರೆಯುತ್ತಾರೆ. ಹೊರಗೆ ಹಸಿರು, ಒಳಗೆ ಕೆಂಪು. ಗಡುವಿನೊಳಗೆ ಟಿಕೆಟ್ ಮುಚ್ಚಿದರೆ ವರದಿಯಲ್ಲಿ ಹಸಿರು ಗುರುತು ಬೀಳುತ್ತದೆ. ಗಿರಾಕಿಯ ಕಷ್ಟ ಮಾತ್ರ ಹಾಗೆಯೇ ಇರುತ್ತದೆ. ಗಡುವಿನೊಳಗೆ ತಿರಸ್ಕೃತವಾದ ಅರ್ಜಿಯೂ ಲೆಕ್ಕದಲ್ಲಿ ವಿಲೇವಾರಿಯಾದ ಅರ್ಜಿಯೇ. ತಿರಸ್ಕಾರಕ್ಕೆ ಲಿಖಿತ ಕಾರಣ ಕೊಡಬೇಕೆಂದೂ, ಅದರ ವಿರುದ್ಧ ಮೇಲ್ಮನವಿ ಸಲ್ಲಿಸಬಹುದೆಂದೂ ಕಾಯ್ದೆ ಹೇಳಿರುವುದು ಇದಕ್ಕಾಗಿಯೇ. ಆದರೆ ಆ ಹಕ್ಕು ತನಗಿದೆಯೆಂದು ಅರ್ಜಿದಾರನಿಗೆ ತಿಳಿದಿರಬೇಕಷ್ಟೆ.

ಪರೀಕ್ಷೆ ಪಾಸಾದವರ ಪ್ರಮಾಣಪತ್ರಕ್ಕೆ ಗೋಡೆಯ ಮೇಲೊಂದು ಚೌಕಟ್ಟು ಸಿಗುತ್ತದೆ. ಅರ್ಜಿದಾರನ ಚೀಟಿ ಜೇಬಿನಲ್ಲಿ ಮಡಿಸಿಕೊಂಡು ಮಾಸುತ್ತದೆ. ಸೇವೆ ಎಂಥದೆಂದು ನಿಜವಾಗಿ ಹೇಳಬಲ್ಲದ್ದು ಆ ಮಾಸಿದ ಚೀಟಿಯೇ. ಅದರಲ್ಲಿ ಬರೆದ ದಿನಾಂಕ ಬಂದಾಗ ಕೆಲಸ ಆಗಿತ್ತೇ ಇಲ್ಲವೇ ಎಂಬುದು ಆ ತಂದೆಗೂ ಮಗಳಿಗೂ ಗೊತ್ತಿರುತ್ತದೆ.