ಅಬ್ಸರ್ವೇಟೋರಿಯಂ

ರಾಬರ್ಟ್ ಮಾರಿಸ್ (1931–2018), ಅಮೆರಿಕ
ಮಣ್ಣು, ಮರ, ಗ್ರಾನೈಟ್, ಉಕ್ಕು
ಮೊದಲ ರಚನೆ 1971. ಇಲ್ಲಿ ಮರುನಿರ್ಮಾಣ 1977

ನೆದರ್‌ಲೆಂಡ್ಸ್‌ನ ಈ ಫ್ಲೆವೊಲ್ಯಾಂಡ್ ಕಳೆದ ಶತಮಾನದ ನಡುವಿನವರೆಗೂ ನೀರಿನಡಿ ಇತ್ತು. ಇಷ್ಟು ಎಳೆಯ ನೆಲದ ಮೇಲೆ ಮಾರಿಸ್ ಬಲು ಹಳೆಯ ಹಂಬಲವೊಂದನ್ನು ಕಟ್ಟಿದರು: ಸ್ಟೋನ್‌ಹೆಂಜ್ ಕಟ್ಟಿದ ನವಶಿಲಾಯುಗದವರಂತೆ, ಸೂರ್ಯ ಹುಟ್ಟುವ ದಿಕ್ಕಿಗೆ ರಚನೆಯನ್ನು ಹೊಂದಿಸುವುದು.

ಒಂದರೊಳಗೊಂದು ಎರಡು ಮಣ್ಣಿನ ಉಂಗುರಗಳಿವೆ. ಒಳದಿಬ್ಬಕ್ಕೆ ಮರದ ಆಸರೆ. ಪಶ್ಚಿಮದ ದಾರಿಯಿಂದ ಬಂದು ನಡುವೆ ನಿಲ್ಲಿ. ಇದು ದೂರದಿಂದ ನೋಡಿ ಹೋಗುವ ಶಿಲ್ಪವಲ್ಲ.

ಪೂರ್ವದ ಕಿಂಡಿಯಾಚೆಗಿನ ಎರಡು ಉಕ್ಕಿನ ಫಲಕಗಳನ್ನು ಗಮನಿಸಿ. ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಹಗಲಿರುಳು ಸಮನಾಗುವ ದಿನ ಸೂರ್ಯ ಅವುಗಳ ನಡುವೆ ಮೂಡುತ್ತಾನೆ. ವರ್ಷದ ಅತಿ ದೀರ್ಘ ಹಾಗೂ ಅತಿ ಗಿಡ್ಡ ಹಗಲುಗಳ ಸೂರ್ಯೋದಯಕ್ಕೆ ಅಕ್ಕಪಕ್ಕದ ಕಲ್ಲಿನ ಸಂದುಗಳನ್ನು ನೋಡಬೇಕು.