ವಿತರಕರ ದಿವಾಳಿ

ಸಗಟು ವಿತರಕರು ಸಾಲ ತೀರಿಸಲಾಗದ ಸ್ಥಿತಿಗೆ ಬಂದಾಗ ಸರಕು ಪೂರೈಸಿದವರಿಗೂ ಅವರಿಂದ ಕೊಳ್ಳುವ ಅಂಗಡಿಗಳಿಗೂ ಆಗುವ ಆರ್ಥಿಕ, ಕಾನೂನು ಪರಿಣಾಮ. ಗದಗ-ಬೆಟಗೇರಿಯಂಥ ಜಿಲ್ಲಾ ಕೇಂದ್ರದ ವಿತರಕರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಿರಾಣಿ ಅಂಗಡಿಗಳಿಗೆ ಉದ್ರಿ ಕೊಡುವಲ್ಲಿ ಒಬ್ಬರ ಕುಸಿತ ಇಡೀ ಸರಪಳಿಯನ್ನು ತಟ್ಟುತ್ತದೆ.

ಕಾನೂನು: ಒಬ್ಬರದೇ ಒಡೆತನದ ಅಂಗಡಿ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆ ಅನ್ವಯಿಸುತ್ತದೆ. ದಿವಾಳಿ ಆದೇಶವಾದೊಡನೆ ಆಸ್ತಿ ನ್ಯಾಯಾಲಯದ ಅಥವಾ ರಿಸೀವರ್ ವಶಕ್ಕೆ ಹೋಗುತ್ತದೆ. ಅಂಗಡಿಕಾರರು ವಿತರಕರಿಗೆ ಕೊಡಬೇಕಾದ ಉದ್ರಿ ಬಾಕಿಯೂ ನ್ಯಾಯಾಲಯಕ್ಕೆ ಅಥವಾ ರಿಸೀವರ್‌ಗೇ ಸಲ್ಲಬೇಕು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಒಬ್ಬ ಸಾಲಿಗನಿಗೆ ಮಾತ್ರ ಅನುಕೂಲ ಮಾಡಲೆಂದೇ ಕೊಟ್ಟ ಹಣವನ್ನು ಮರಳಿ ಪಡೆಯಬಹುದು. ವಿತರಕ ಸಂಸ್ಥೆ ಕಂಪನಿಯಾಗಿದ್ದರೆ 2016ರ ದಿವಾಳಿ ಸಂಹಿತೆ ಅನ್ವಯ. 2020ರ ಮಾರ್ಚ್ 24ರಿಂದ ಅರ್ಜಿಗೆ ಕನಿಷ್ಠ 1 ಕೋಟಿ ರೂಪಾಯಿ ಬಾಕಿ ಇರಬೇಕು. ಸಣ್ಣ ಪೂರೈಕೆದಾರರಿಗೆ ಈ ದಾರಿ ದೂರ.

ಪೂರೈಕೆದಾರರ ಸ್ಥಾನ: ಕಂಪನಿಯ ಆಸ್ತಿ ಮಾರಾಟವಾದಾಗ ಪ್ರಕ್ರಿಯೆಯ ವೆಚ್ಚ, ಕಾರ್ಮಿಕರ ವೇತನ, ಅಡಮಾನವಿಟ್ಟುಕೊಂಡ ಬ್ಯಾಂಕು, ಸರ್ಕಾರಿ ಬಾಕಿಗಳ ನಂತರವೇ ಸರಕಿನ ಬಾಕಿಯ ಸರದಿ. ಹಣ ಮುಳುಗಿದರೂ ಬಿಲ್ಲಿನ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸಾಗದು. ಆದರೆ ಸರಕು ಇನ್ನೂ ಸಾಗಣೆಯಲ್ಲಿದ್ದರೆ, 1930ರ ಸರಕು ಮಾರಾಟ ಕಾಯ್ದೆಯಂತೆ ಹಣ ಸಿಗದ ಮಾರಾಟಗಾರ ಅದನ್ನು ತಡೆಯಬಹುದು.

ವ್ಯಾಪಾರ ಸಂಬಂಧ: ಉಳಿದ ಪೂರೈಕೆದಾರರು ಉದ್ರಿ ಅವಧಿ ಕಡಿಮೆ ಮಾಡುತ್ತಾರೆ, ಮುಂಗಡ ಕೇಳುತ್ತಾರೆ. ಮುಂಗಡ ಕೊಟ್ಟು ಸರಕು ಸಿಗದ ಅಂಗಡಿಕಾರರೂ ಸಾಲಿಗರ ಸಾಲಿಗೆ ಸೇರುತ್ತಾರೆ. ಸಹಿಯಾದ ಬಿಲ್ಲು, ಸರಕು ತಲುಪಿದ ರಸೀದಿ ಮತ್ತು ಲೆಕ್ಕದ ಪುಸ್ತಕಗಳೇ ಬಾಕಿಗೆ ಮುಖ್ಯ ಆಧಾರ.