ಕೋಬೆ ಗೋಮಾಂಸ: ಜೊತೆಗೇನು ಸೂಕ್ತ?

ಜಪಾನಿನ ಹ್ಯೋಗೊ ಪ್ರಾಂತ್ಯದ ತಾಜಿಮಾ ದನಗಳ ಮಾಂಸವೇ ಕೋಬೆ ಗೋಮಾಂಸ. ಸ್ನಾಯುಗಳ ನಡುವೆ ಬಿಳಿ ಎಳೆಗಳಂತೆ ಹರಡಿದ ಕೊಬ್ಬು ಇದರ ವೈಶಿಷ್ಟ್ಯ. ಕೊಬ್ಬಿನ ಹರಡುವಿಕೆಯನ್ನು ಅಳೆಯುವ 12 ಹಂತಗಳ ಮಾಪನದಲ್ಲಿ ಕನಿಷ್ಠ 6ನೇ ಹಂತ ತಲುಪಿದ ಮಾಂಸಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ.

ಈ ಕೊಬ್ಬು ಕಡಿಮೆ ಶಾಖಕ್ಕೇ ಕರಗುವುದರಿಂದ ಕೆಲವೇ ತುತ್ತುಗಳಲ್ಲಿ ಬಾಯಿ ಜಿಡ್ಡುಗಟ್ಟುತ್ತದೆ. ಬೆಣ್ಣೆ, ಕೆನೆಯ ಸಾಸ್‌ಗಳು ಸೇರಿದರೆ ದುಬಾರಿ ಮಾಂಸದ ಸವಿಯೇ ಮರೆಯಾಗುತ್ತದೆ. ಆದ್ದರಿಂದ ಜಪಾನೀಯರು ಉಪ್ಪು, ವಸಾಬಿ, ತುರಿದ ಮೂಲಂಗಿ, ಹುಳಿಹಣ್ಣಿನ ರಸ ಬೆರೆತ ಪೊನ್ಜು, ತರಕಾರಿ ಉಪ್ಪಿನಕಾಯಿ ಹಾಗೂ ಬಿಳಿ ಅನ್ನವನ್ನು ಜೊತೆಗಿಡುತ್ತಾರೆ.

ಪಾನೀಯಗಳಲ್ಲಿ ಕೋಬೆ ಬಳಿಯ ನಾಡಾ ಪ್ರದೇಶದಲ್ಲಿ ತಯಾರಾಗುವ, ಸಿಹಿ ಕಡಿಮೆಯಿರುವ ಅಕ್ಕಿಯ ಮದ್ಯ 'ಸಾಕೆ' ಚೆನ್ನಾಗಿ ಹೊಂದುತ್ತದೆ. ಕೆಂಪು ವೈನಿನಲ್ಲಿರುವ ಟ್ಯಾನಿನ್‌ನ ಒಗರು ಜಿಡ್ಡನ್ನು ತಗ್ಗಿಸುತ್ತದೆ. ಮದ್ಯ ಸೇವಿಸದವರಿಗೆ ಬಿಸಿ ಹಸಿರು ಚಹಾ ಉತ್ತಮ ಆಯ್ಕೆ.